ರಾಹುಕಾಲಕ್ಕೆ ಮೊದಲು ಪರದೆ ಸರಿಯಬೇಕು

ಅವಸರದವರ ಜೊತೆ ಹೇಗೋ ಕೆಲಸ ಮಾಡಬಹುದು. ಪಂಚಾಂಗ ನೋಡಿ ಅವಸರಪಡುವವರ ಜೊತೆ ಕಷ್ಟ. ನಮ್ಮ ವಿಭಾಗದ ಎಚ್‌ಓಡಿ ಎರಡನೆಯ ಬಗೆಯವರು. ಹಾಸನದ ಹೊರವಲಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ತಾತ್ಕಾಲಿಕ ಉಪನ್ಯಾಸಕಿ. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ನನ್ನ ಹೆಸರಿನ ಹಿಂದೆ ಈ 'ತಾತ್ಕಾಲಿಕ' ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಕಾಲೇಜಿನಲ್ಲಿ ಅದಕ್ಕಿಂತ ಖಾಯಂ ಆದದ್ದು ಬೇರೇನೂ ಇಲ್ಲ.

ಹೊಸ ಲ್ಯಾಬಿನ ಉದ್ಘಾಟನೆ ಗೊತ್ತಾದಾಗ ಎಚ್‌ಓಡಿ ನನ್ನನ್ನು ಕರೆದರು. "ನೋಡಿ ಮೇಡಂ, ಫಲಕದ ಮುಂದಿನ ಪರದೆಯನ್ನ ಈ ಸಲ ಯಾರೂ ದಾರ ಹಿಡಿದು ಎಳೀಬಾರದು. ಆಡಳಿತ ಮಂಡಳಿ ಅಧ್ಯಕ್ಷರು ಕಂಪ್ಯೂಟರಲ್ಲಿ ಒಂದು ಬಟನ್ ಒತ್ತಬೇಕು, ಪರದೆ ತಾನಾಗೇ ಸರೀಬೇಕು. ಇದೊಂದು ಚೆನ್ನಾಗಾಗ್ಲಿ, ನಿಮ್ಮ ಪರ್ಮನೆಂಟ್ ವಿಷಯ ಅವತ್ತೇ ಅವರ ಕಿವಿಗೆ ಹಾಕ್ತೀನಿ" ಎಂದರು. ಸಂಜೆ ಮನೆಯಲ್ಲಿ ಹೇಳಿದೆ. ಅಮ್ಮ ಹುರುಳಿಕಾಯಿ ಸೋಸುತ್ತಿದ್ದವರು ತಲೆ ಎತ್ತಲಿಲ್ಲ. "ಪರದೆ ಎಳೆಯೋಕೆ ಎಂ.ಟೆಕ್ ಬೇಕಿತ್ತೇನೇ? ದೇವಸ್ಥಾನದಲ್ಲಿ ನಿಮ್ಮ ಚಿಕ್ಕಪ್ಪ ಮಂಗಳಾರತಿಗೆ ಮುಂಚೆ ಎರಡು ಬೆರಳಲ್ಲಿ ಸರಿಸ್ತಾರಪ್ಪ."

ನಮ್ಮ ಕಡೆ ಮೋಟರ್ ಎಂದರೆ ಬೋರ್‌ವೆಲ್ಲಿನದು. ಅರಕಲಗೂಡಿನ ಮದುವೆಯೊಂದರಲ್ಲಿ ಅಪ್ಪನ ಸ್ನೇಹಿತರೊಬ್ಬರು ನನ್ನ ಕೆಲಸ ಮೋಟರಿನದು ಎಂದು ಕೇಳಿ, "ನಮ್ ತ್ವಾಟದ್ದು ಸುಟ್ಟೋಗದೆ ಕಣವ್ವಾ, ನಾಳೀಕೆ ಬಂದು ಒಸಿ ನೋಡ್ಬುಡು" ಎಂದಿದ್ದರು. ನನ್ನದು ಅಂಗೈಯಲ್ಲಿ ಕೂರುವಂಥದ್ದು ಎಂದೆ. ಅಂದಿನಿಂದ ಅವರಿಗೆ ನನ್ನ ಓದಿನ ಮೇಲೆ ಅನುಮಾನ. ಪರದೆಯ ದಾರ ಸುತ್ತಲು ನಾನು ಹಾಕಿದ ಸ್ಟೆಪರ್ ಮೋಟರ್ ಕರೆಂಟು ಕೊಟ್ಟೊಡನೆ ಗಿರ್ರನೆ ತಿರುಗುವ ಜಾತಿಯಲ್ಲ. ಒಂದು ಸಂಕೇತಕ್ಕೆ ಒಂದು ಪುಟ್ಟ ಹೆಜ್ಜೆ. ಮುಂದಿನದು ಬರುವವರೆಗೆ ಅಲ್ಲೇ ಬಿಗಿಹಿಡಿದು ನಿಲ್ಲುತ್ತದೆ. ಕಂಪ್ಯೂಟರಿಗೆ ನೇರವಾಗಿ ಇದರ ಜೊತೆ ಮಾತಾಡಲು ಬರದು. ನಡುವೆ ಡೇಟಾ ಅಕ್ವಿಸಿಷನ್ ಎಂಬ ಪೆಟ್ಟಿಗೆಯೊಂದು ಕೂತು, ಕಂಪ್ಯೂಟರಿನ ಅಪ್ಪಣೆಯನ್ನು ಸಂಕೇತಗಳಾಗಿ ಮೋಟರಿಗೆ ಕಳಿಸಬೇಕು. ಹೊರೆ ಹೊತ್ತು ನಿಂತ ಈ ಮೋಟರಿಗೆ ಒಮ್ಮೆಲೇ 'ಓಡು' ಎಂದರೆ ಅದು ಓಡುವುದಿಲ್ಲ, ನಿಂತಲ್ಲೇ ನಡುಗುತ್ತದೆ. ನಿಧಾನವಾಗಿ ಹೊರಡಿಸಿ ಆಮೇಲೆ ವೇಗ ಏರಿಸಬೇಕು. ಇದನ್ನು ಹೇಳಿದಾಗಲೆಲ್ಲ ಎಚ್‌ಓಡಿ "ಗೊತ್ತು, ಗೊತ್ತು" ಎಂದರು. ಮೋಟರ್ ನಿಜಕ್ಕೂ ತಿರುಗಿತೋ ಇಲ್ಲವೋ ಎಂಬ ಸುದ್ದಿ ಕಂಪ್ಯೂಟರಿಗೆ ವಾಪಸ್ಸು ಬರುವ ಏರ್ಪಾಡೂ ಇರಲಿಲ್ಲ. ಕಳಿಸಿದ ಸಂಕೇತಗಳನ್ನೇ ಅದು ನಡೆದ ಹೆಜ್ಜೆಗಳೆಂದು ನಂಬುತ್ತದೆ. ಅದಕ್ಕಾಗಿ ಒಂದು ಸೆನ್ಸರ್ ಕೇಳಿದೆ. "ಪರದೆ ಕಣ್ಣಿಗೇ ಕಾಣುತ್ತಲ್ಲ ಮೇಡಂ!" ಎಂದರು. ಅದೂ ನಿಜವೇ.

ಉದ್ಘಾಟನೆ ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಅಧ್ಯಕ್ಷರು ಹಿರೀಸಾವೆ ಕಡೆಯ ದೊಡ್ಡ ಜಮೀನುದಾರರು. ದಾರಿಯಲ್ಲಿ ಚನ್ನರಾಯಪಟ್ಟಣದ ಅಭಿಮಾನಿಗಳು ಕಾರು ನಿಲ್ಲಿಸಿ ಹಾರ ಹಾಕಿದರಂತೆ. ಅವರು ಬಂದಾಗ ಉಳಿದಿದ್ದು ಕೆಲವೇ ನಿಮಿಷ. ಕಂಪ್ಯೂಟರಿನ ಪಕ್ಕ ನಿಂತಿದ್ದ ನನ್ನನ್ನು ಎಚ್‌ಓಡಿ, "ನೀವು ಆ ಬೀರು ಪಕ್ಕ ಹೋಗಿ ಮೇಡಂ, ಫೋಟೋಗೆ ಅಡ್ಡ ಬರ್ತೀರಿ" ಎಂದು ಕಳಿಸಿದರು. ಬೀರುವಿನ ಪಕ್ಕದಿಂದ ನೋಡಿದೆ. ಎಚ್‌ಓಡಿ ಗಡಿಯಾರ ನೋಡಿದರು, ಸ್ಕ್ರೀನ್ ನೋಡಿದರು, 'ನಿಧಾನ ಆರಂಭ' ಎಂಬಲ್ಲಿದ್ದ ಗುರುತನ್ನು ತೆಗೆದರು, ವೇಗದ ಅಂಕಿಯ ಕೊನೆಗೆ ಇನ್ನೊಂದು ಸೊನ್ನೆ ಸೇರಿಸಿದರು. ನಾನು "ಸರ್" ಎನ್ನುವಷ್ಟರಲ್ಲಿ ಅಧ್ಯಕ್ಷರ ಬೆರಳನ್ನು ಬಟನ್ನಿನ ಮೇಲೆ ಇರಿಸಿಯಾಗಿತ್ತು.

ಮೋಟರ್ ಗುಂಯ್ ಎಂದು ನಡುಗಿತು. ಪರದೆ ಅಲುಗಲಿಲ್ಲ.

"ಏನ್ ಮೇಷ್ಟ್ರೇ, ನಿಮ್ ಮೋಟ್ರು ಮಂತ್ರ ಏಳ್ತಾ ಅದಾ?" ಎಂದರು ಅಧ್ಯಕ್ಷರು.

"ಒಂದ್ನಿಮಿಷ ಸರ್..." ಎಂದರು ಎಚ್‌ಓಡಿ.

"ರಾಹುಕಾಲ ಬಾಗಿಲಿಗೆ ಬಂದು ನಿಂತದೆ, ಒಂದ್ನಿಮಿಷ ಅಂತೀಯಲ್ಲಯ್ಯ! ದ್ಯಾವ್ರು ಕೈ ಕೊಟ್ಟಿರಾದು ಯಾಕೆ?"

ಅವರೇ ಹೋಗಿ ಪರದೆ ಹಿಡಿದೆಳೆದರು. ಅಷ್ಟರಲ್ಲಿ ಸಂಕೇತಗಳು ಮುಗಿದು, ಮೋಟರ್ ತನ್ನ ಧರ್ಮದಂತೆ ದಾರವನ್ನು ಬಿಗಿಹಿಡಿದು ನಿಂತಿತ್ತು. ಕಬ್ಬು ಕಡಿದು ಬೆಳೆದ ರಟ್ಟೆಯ ಮುಂದೆ ಅದು ಎಷ್ಟರದು? ಪರದೆಯ ಉಂಗುರಗಳೆರಡು ಕಿತ್ತುಬಂದವು, ಫಲಕ ಕಂಡಿತು, ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಲೆಕ್ಕ ಮುಗಿಸಿದ ಕಂಪ್ಯೂಟರ್ ಹಸಿರು ಅಕ್ಷರಗಳಲ್ಲಿ 'ಪರದೆ ಪೂರ್ಣ ತೆರೆದಿದೆ' ಎಂದು ಘೋಷಿಸಿತು. ಎಚ್‌ಓಡಿ ಮೊಬೈಲ್ ತೆಗೆದು ಅದರದೊಂದು ಫೋಟೋ ಹೊಡೆದುಕೊಂಡರು.

ಸೋಮವಾರ ಎಚ್‌ಓಡಿಯ ಬಳಿ ನನ್ನ ಪರ್ಮನೆಂಟ್ ವಿಷಯ ಕೇಳಿದೆ. "ಯಾವ ಬಾಯಲ್ಲಿ ಹೇಳ್ಲಿ ಮೇಡಂ? ಅಧ್ಯಕ್ಷರ ಮುಂದೆ ಮೋಟರ್ ಓಡ್ಲೇ ಇಲ್ವಲ್ಲ" ಎಂದರು, ಬಹಳ ನೊಂದವರಂತೆ. ಅವರ ಮೇಜಿನ ಮೇಲೆ ವಿಭಾಗದ ವರದಿ ತೆರೆದಿತ್ತು. ಹಸಿರು ಅಕ್ಷರಗಳ ಫೋಟೋ, ಕೆಳಗೆ 'ಕಂಪ್ಯೂಟರ್ ನಿಯಂತ್ರಿತ ಅನಾವರಣ ಯಶಸ್ವಿ. ವಿನ್ಯಾಸ: ವಿಭಾಗದ ಮುಖ್ಯಸ್ಥರು.' ಒಂದೇ ಮೋಟರ್ ಅವರ ಪಾಲಿಗೆ ಓಡಿತ್ತು, ನನ್ನ ಪಾಲಿಗೆ ನಿಂತಿತ್ತು.

ಜಗಳವಾಡುವುದು ನನಗೆ ಬರುವುದಿಲ್ಲ, ರಿಪೇರಿ ಬರುತ್ತದೆ. ನನ್ನದೇ ದುಡ್ಡಿನಲ್ಲಿ ಸೆನ್ಸರ್ ತಂದು ಜೋಡಿಸಿದೆ. ಇನ್ನು ಪರದೆ ನಿಜವಾಗಿ ಸರಿದರೆ ಮಾತ್ರ ಹಸಿರು, ಇಲ್ಲದಿದ್ದರೆ ಕೆಂಪು. ಹೆಮ್ಮೆಯಿಂದ ಎಚ್‌ಓಡಿಯನ್ನು ಕರೆದು, ದಾರವನ್ನು ಕೈಯಲ್ಲಿ ತಡೆದು ತೋರಿಸಿದೆ. 'ಪರದೆ ತೆರೆದಿಲ್ಲ' ಎಂಬ ಕೆಂಪು ಅಕ್ಷರಗಳನ್ನು ಅವರು ಅಪಶಕುನ ನೋಡುವಂತೆ ನೋಡಿದರು.

"ಇದೆಲ್ಲ ಯಾಕೆ ಬೇಕಿತ್ತು? ಮುಂದಿನ ತಿಂಗಳು ಇನ್‌ಸ್ಪೆಕ್ಷನ್ ಕಮಿಟಿಯವರು ಲ್ಯಾಬ್ ನೋಡೋಕೆ ಬರ್ತಾರೆ. ಅವರೆದುರು ಹಿಂಗೆ ಬಂದ್ರೆ? ಮುಂಚಿಂದೇ ಚೆನ್ನಾಗಿತ್ತು, ಅದನ್ನೇ ಹಾಕಿ" ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಅಂದ ಹಾಗೆ, ನಿಮ್ಮ ರಿನ್ಯೂವಲ್‌ಗೆ ನಾಳೆ ಸಹಿ ಮಾಡ್ಬೇಕು, ಅಲ್ವಾ?" ಎಂದರು.

ಸತ್ಯದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಅವನ್ನು ಹೇಳಲೆಂದೇ ಬಾಯಿ ತೆರೆದೆ. ಬಾಯಿ "ಆಯ್ತು ಸರ್" ಎಂದಿತು. ಸೆನ್ಸರನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಮಾರನೆಯ ದಿನ ಸಹಿಯೂ ಬಿತ್ತು. ಈಗ ಮೋಟರಿನ ವೈರನ್ನೇ ಕಿತ್ತಿಟ್ಟರೂ ಸ್ಕ್ರೀನ್ ಮೇಲೆ ಹಸಿರು ಅಕ್ಷರಗಳೇ ಬರುತ್ತವೆ. ನಾನೇ ಕಿತ್ತಿಟ್ಟು, ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದೇನೆ. ಒಂದು ಸಲವೂ ತಪ್ಪಿಲ್ಲ. ನಾನು ಮಾಡಿದ ಕೆಲಸದಲ್ಲಿ ಲೋಪ ಇರಬಾರದು ನೋಡಿ.