ಒಂದು ವಾರದ ಸಂಪಾದಕಿ

ಗಂಡಸರು ನಡೆಸುವ ಹೆಂಗಸರ ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದರೆ ತಮಾಷೆಗೆ ಬರಗಾಲ ಇರುವುದಿಲ್ಲ. ನಾನು ಇಪ್ಪತ್ತೆಂಟು ವರ್ಷ ಇದ್ದೆ. ಭದ್ರಾವತಿ ನ್ಯೂ ಟೌನಿನಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಕಥೆ ಆರಿಸಿ, ಅಡುಗೆ ಪುಟ ತಿದ್ದಿ, ಸಂಪಾದಕೀಯ ಬರೆದು ವಾಪಸ್ ಬರುತ್ತಿದ್ದೆ. ಕೊನೇ ಪುಟದ ಕೆಳಗೆ ‘ಸಂಪಾದಕರು’ ಅಂತ ಮೊದಲು ಮಾಲೀಕರ ತಂದೆಯ ಹೆಸರಿತ್ತು, ಆಮೇಲೆ ಮಾಲೀಕರದು. ಆ ಜಾಗದಲ್ಲಿ ಒಂದು ಸಲ ನನ್ನ ಹೆಸರು ಬರಬೇಕು ಅಂತ ಆಸೆ ಇತ್ತು. ಬೇರೆ ಏನೂ ಕೇಳಿದವಳಲ್ಲ ನಾನು.

೧. ಕೇಳಿದ್ದು

ಸೇರಿ ಐದು ವರ್ಷವಾದ ಮೇಲೆ ಧೈರ್ಯ ಮಾಡಿದೆ. “ಸಾರ್, ಎಲ್ಲ ನಾನೇ ಮಾಡ್ತೀನಲ್ಲ. ಸಂಪಾದಕಿ ಅಂತ ನನ್ನ ಹೆಸರು ಹಾಕಬಹುದಲ್ವಾ?”

ಮಾಲೀಕರು ಬಹಳ ಕಾಳಜಿಯಿಂದ, “ನಿಮ್ಮ ಮನೆಯವರು ಏನಾದ್ರೂ ಅಂದ್ಕೊಂಡ್ರೆ?” ಅಂದರು.

“ನಮ್ಮ ಮನೆಯವರು ಈ ಪತ್ರಿಕೆ ಓದೋದೇ ಇಲ್ಲ ಸಾರ್.”

ಸುಳ್ಳಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮವರು ಅದನ್ನು ‘ಹೆಂಗಸರ ಪುಸ್ತಕ’ ಅಂತ ಕರೆದು, ಅದರ ಮೇಲೆ ಬಿಸಿ ಕಾಫಿ ಲೋಟ ಇಡುತ್ತಿದ್ದರು.

“ಮನೆಯವರೇ ಓದಲ್ಲ ಅಂದ್ಮೇಲೆ ಹೆಸರು ಹಾಕಿ ಏನ್ ಬಂತಮ್ಮ?” ಅಂದರು ಮಾಲೀಕರು.

೨. ಕುತ್ತಿಗೆ ಇಲ್ಲದ ಸ್ವೆಟರ್

ಒಂದು ಚಳಿಗಾಲ ಸ್ವೆಟರ್ ಹೆಣೆಯುವುದನ್ನು ಎರಡು ಕಂತಲ್ಲಿ ಕೊಟ್ಟೆವು. ಈ ವಾರ ಮೈ ಮತ್ತು ತೋಳು, ಮುಂದಿನ ವಾರ ಕುತ್ತಿಗೆ. ಮುಂದಿನ ವಾರ ಒಡವೆ ಅಂಗಡಿಯೊಂದರ ಜಾಹೀರಾತು ಬಂತು. ಮಾಲೀಕರು ಕುತ್ತಿಗೆ ತೆಗೆಸಿ ನೆಕ್ಲೆಸ್ ಹಾಕಿಸಿದರು.

ನ್ಯೂ ಟೌನಿನ ತಮಿಳು ಹೆಂಗಸೊಬ್ಬರು ಕಡ್ಡಿ ಸಮೇತ ಸ್ವೆಟರ್ ತಂದು ನನ್ನ ಮೇಜಿನ ಮೇಲೆ ಹಾಕಿದರು. “ತಲೆ ಎಲ್ಲಿ ತೂರಿಸಬೇಕಮ್ಮ? ಯಾರಿಲ್ಲಿ ಎಡಿಟರ್?”

ಒಳಗಿದ್ದ ಮಾಲೀಕರು ಎದ್ದು ಬಂದು ನನ್ನ ಕಡೆ ಕೈ ತೋರಿಸಿದರು. “ಎಲ್ಲಾ ಇವರೇ ನೋಡ್ಕೊಳ್ಳೋದು. ಪತ್ರಿಕೆ ನಡೀತಿರೋದೇ ಇವರ ಕೈಲಿ.”

ಆ ಮಾತು ಅವರ ಬಾಯಿಂದ ಬಂದಿದ್ದು ಅದೇ ಮೊದಲು. ಕೇಳುವುದಕ್ಕೆ ಮಾತ್ರ ಚೆನ್ನಾಗಿತ್ತು. ಆ ಕುತ್ತಿಗೆಯನ್ನು ಬಸ್ಸಿನಲ್ಲಿ ಕೂತು ನಾನೇ ಹೆಣೆದು ಕೊಟ್ಟೆ.

೩. ಅಕ್ಕನ ಆಶೀರ್ವಾದ

ಓದುಗರ ಕಷ್ಟಕ್ಕೆ ‘ಅಕ್ಕ’ ಉತ್ತರ ಹೇಳುವ ಅಂಕಣವೊಂದಿತ್ತು. ಉತ್ತರ ನನ್ನದು, ಫೋಟೋ ಮಾಲೀಕರ ಹೆಂಡತಿಯದು. ನಿಮ್ಮ ಉತ್ತರದಿಂದ ನನ್ನ ಸಂಸಾರ ಉಳೀತು ಅಂತ ಒಬ್ಬಳು ರವಿಕೆ ಕಣ, ಹಣ್ಣು ತಗೊಂಡು ನೇರ ಅವರ ಮನೆಗೇ ಹೋಗಿ ಕಾಲಿಗೆ ಬಿದ್ದಳು. ಮಾಲೀಕರ ಹೆಂಡತಿ ಕಣ ತಗೊಂಡು ಆಶೀರ್ವಾದ ಮಾಡಿ, ಆಮೇಲೆ ನನಗೆ ಫೋನ್ ಮಾಡಿ ಬೈದರು. “ಏನ್ ಬರೀತೀಯ ಅಂತ ನನಗೊಂದು ಮಾತು ಹೇಳಬಾರದಾ? ಯಾರು ಯಾತಕ್ಕೆ ಕಾಲಿಗೆ ಬೀಳ್ತಾರೆ ಅಂತಾನೇ ಗೊತ್ತಾಗಲ್ಲ.”

೪. ಭಾಷಣ

ಮಹಿಳಾ ದಿನಾಚರಣೆಗೆ ನಮ್ಮ ಪತ್ರಿಕೆಯದೇ ಸಮಾರಂಭ. ವೇದಿಕೆ ಮೇಲೆ ಐದು ಜನ, ಐವರೂ ಗಂಡಸರು. ನಾನು ಪಕ್ಕದಲ್ಲಿ ಶಾಲುಗಳ ತಟ್ಟೆ ಹಿಡಿದು ನಿಂತಿದ್ದೆ. ಮಾಲೀಕರ ಭಾಷಣ ಬರೆದುಕೊಟ್ಟವಳು ನಾನೇ. ಇರಲಿ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ‘ಈ ಪತ್ರಿಕೆಯನ್ನು ನಿಜವಾಗಿ ನಡೆಸುತ್ತಿರುವವರು’ ಅಂತ ಬರೆದು ಮುಂದೆ ನನ್ನ ಹೆಸರು.

“ಈ ಪತ್ರಿಕೆಯನ್ನು ನಿಜವಾಗಿ ನಡೆಸುತ್ತಿರುವವರು...” ಅಂತ ಓದಿ ಮಾಲೀಕರು ನಿಂತರು. ನೀರು ಕುಡಿದರು. ಹಾಳೆ ಮಡಿಸಿದರು.

“ಮೇಲಿರೋ ನಮ್ಮ ತಂದೆಯವರು,” ಅಂದರು.

ಜೋರು ಚಪ್ಪಾಳೆ ಬಿತ್ತು. ಪುಣ್ಯಕ್ಕೆ ನನ್ನ ಎರಡೂ ಕೈಯಲ್ಲಿ ತಟ್ಟೆ ಇತ್ತು.

೫. ಈಡೇರಿದ್ದು

ಇದು ಈಚಿನದು. ಎಲ್ಲರೂ ಫೋನಲ್ಲೇ ಓದುವ ಕಾಲ ಬಂದು ಪತ್ರಿಕೆ ಏದುಸಿರು ಬಿಡುತ್ತಿತ್ತು. ಫ್ರಿಜ್ಜಿಗೆ ಬೀಗ ಹಾಕುವ ಅತ್ತೆಯೊಬ್ಬಳ ಧಾರಾವಾಹಿ ಮಾತ್ರ ಜನ ಕಾದು ಓದುತ್ತಿದ್ದರು. ಒಂದು ದಿನ ಮಾಲೀಕರು ಕರೆದು, ಕೂರಿಸಿ, ಕಾಫಿ ತರಿಸಿದರು. “ಎಷ್ಟು ವರ್ಷದ ಆಸೆ ನಿಮ್ಮದು. ಈ ವಾರ ಸಂಪಾದಕಿ ಅಂತ ನಿಮ್ಮ ಹೆಸರೇ ಹಾಕಿಸ್ತೀನಿ.”

ಕಣ್ಣಲ್ಲಿ ನೀರು ಬಂತು. ಹಾಳು ಕಣ್ಣು. ಹತ್ತು ಪ್ರತಿ ಕೊಂಡು ಬೀದಿಗೆಲ್ಲ ಮೈಸೂರು ಪಾಕಿನ ಜೊತೆ ಹಂಚಿದೆ. ನಮ್ಮವರು ಯಾಕೆ ಏನು ಅಂತ ಕೇಳದೆ ಮೈಸೂರು ಪಾಕು ಮಾತ್ರ ತಿಂದರು. ಮುಂದಿನ ವಾರ ನೋಡಿದರೆ ಆ ಜಾಗದಲ್ಲಿ ಮತ್ತೆ ಮಾಲೀಕರ ಹೆಸರು.

ಅದರ ಬೆನ್ನಿಗೇ ಮನೆಗೆ ಕೋರ್ಟಿನ ನೋಟೀಸು ಬಂತು. ಆಮೇಲೆ ಗೊತ್ತಾಯಿತು. ನನಗೆ ಕಾಫಿ ತರಿಸಿದ ದಿನ ಬೆಳಿಗ್ಗೆಯೇ ಊರಿನ ಅಡಿಕೆ ಮಂಡಿ ಸಾಹುಕಾರರೊಬ್ಬರು ಮಾಲೀಕರಿಗೆ ಫೋನ್ ಮಾಡಿ, ಆ ಅತ್ತೆ ನಮ್ಮಮ್ಮನೇ, ಇನ್ನೊಂದು ಕಂತು ಬಂದರೆ ಸಂಪಾದಕರನ್ನ ಕೋರ್ಟಿಗೆ ಎಳೀತೀನಿ ಅಂದಿದ್ದರಂತೆ. ಅಷ್ಟೊತ್ತಿಗೆ ಆ ವಾರದ ಕಂತು ಅಚ್ಚಾಗಿಬಿಟ್ಟಿತ್ತು. ಬಾಕಿ ಇದ್ದದ್ದು ಕೊನೇ ಪುಟ ಒಂದೇ.

ಪತ್ರಿಕೆಯ ಒಂದಕ್ಷರ ಓದದ ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ನೋಟೀಸು ಪೂರ್ತಿ ಓದಿದರು. “ಸಂಪಾದಕಿ ಅಂತ ಹಾಕಿದಾರಲ್ಲೇ ಮಾರಾಯ್ತಿ. ಯಾವಾಗಿಂದ?”

“ಹೋದ ವಾರದಿಂದ ಹೋದ ವಾರದವರೆಗೆ,” ಅಂದೆ.

ಕೋರ್ಟಿಗೆ ಅವರೂ ಬಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಜವಾನ ಬಾಗಿಲಿಗೆ ಬಂದು, ಸಂಪಾದಕಿ ಅಂತ ಸೇರಿಸಿ ನನ್ನ ಹೆಸರನ್ನು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ. ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನು ಹಾಗೆ ಕರೆದವನು ಅವನೊಬ್ಬನೇ.

“ಏಳೇ, ನಿನ್ನನ್ನೇ ಕರೀತಿರೋದು,” ಅಂದರು ನಮ್ಮವರು.

“ಇರಿ,” ಅಂದೆ. “ಮೂರು ಸಲ ಕೂಗ್ತಾರಂತೆ.”

ಎರಡನೇ ಸಲ ಕೂಗಿದ. ಮೂರನೇ ಸಲವೂ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಎದ್ದೆ.