ಗಂಡಿನ ಮನೆಯಲ್ಲಿ ಉಂಡ ಸಣ್ಣಯ್ಯ

ಎದ್ದು ಹೋಗಬೇಡಿ, ಸಣ್ಣಯ್ಯನ ಈ ಒಂದು ಭಾನುವಾರದ ಕತೆ ಕೇಳಿಬಿಟ್ಟು ಹೋಗಿ. ನಗು ಬಂದರೆ ನಕ್ಕುಬಿಡಿ. ಸಣ್ಣಯ್ಯನಿಗೆ ಮಾತ್ರ ಬರಲಿಲ್ಲ.

ಹೊಳೆನರಸೀಪುರದ ಕಚೇರಿಯೊಂದರಲ್ಲಿ ಅಟೆಂಡರ್ ಆಗಿರುವ ಸಣ್ಣಯ್ಯನ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆ ಅಂತ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಮಧ್ಯಾಹ್ನ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ನಡಿಗೆ. ಬಾಡು, ಎಣ್ಣೆ ಮುಟ್ಟುವ ಹಾಗಿಲ್ಲ. ಅವನಪ್ಪ ಐವತ್ತೆರಡಕ್ಕೆ ಎದೆ ಹಿಡಿದುಕೊಂಡು ಹೋದವನು. ಸಣ್ಣಯ್ಯನಿಗೆ ಈಗ ಐವತ್ತೊಂದು. ಸಪ್ಪೆ ಸೊಪ್ಪಿನ ಸಾರು ಉಂಡುಕೊಂಡು, ಮಳೆಗೆ ಸಿಕ್ಕ ಕಾಗೆಯ ಹಾಗೆ ಓಡಾಡುತ್ತಿದ್ದ.

ಆ ದಿನ ಮಗಳು ಬಿಂದುಶ್ರೀಗೆ ಗೊತ್ತು ಮಾಡಿದ್ದ ಗಂಡಿನ ಮನೆ ನೋಡಲು ಕಟ್ಟಾಯಕ್ಕೆ ಹೋಗಬೇಕಿತ್ತು. ಹುಡುಗ, ಹುಡುಗಿ ಆಗಲೇ ಒಪ್ಪಿದ್ದರು. ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಉಂಡರೆ ಸಂಬಂಧ ಗಟ್ಟಿ, ಉಣ್ಣದೆ ಎದ್ದರೆ ಮುರಿದಂತೆ.

ಕಾರು ಹತ್ತುವಾಗ, ದೊಡ್ಡವರು ಅಂತ ಜೊತೆಗೆ ಹೊರಟಿದ್ದ ಪಕ್ಕದ ಮನೆ ಗುಂಡಯ್ಯ ಕೇಳಿದ, "ಲೋ ಸಣ್ಣಯ್ಯ, ಜೇಬಲ್ಲಿ ಅದೇನ್ಲಾ?"

"ಮಾತ್ರೆ ಕಣಣ್ಣ."

"ಮನೆ ಹಾಳಾಯ್ತು! ಅಪ್ಪನ್ಗೂ ಹಾರ್ಟು, ಮಗನ್ಗೂ ಹಾರ್ಟು, ನಾಳೆ ಹುಡ್ಗಿಗೂ ಬತ್ತದೆ ಅಂದ್ಬುಟ್ರೆ? ಬಾಯ್ ಬುಟ್ಟೀಯ, ಜ್ವಾಕೆ!"

"ಅಣ್ಣ ಯೋಳೋದು ಸರಿ ಕಣ್ರೀ, ಒಂದೊತ್ತು ಉಂಡ್ರೆ ಏನಾಗೋದದು?" ಅಂದಳು ಹೆಂಡತಿ ಲಕ್ಷ್ಮಿದೇವಮ್ಮ.

ಸಣ್ಣಯ್ಯ ಮಾತ್ರೆಯನ್ನು ಜೇಬಿನ ತಳಕ್ಕೆ ತಳ್ಳಿದ.

ಕಟ್ಟಾಯದಲ್ಲಿ ಗಂಡಿನ ತಂದೆ ತಮ್ಮಯ್ಯ ತಾನೇ ನಿಂತು ಬಡಿಸಿದ. ಸಾರಿನ ಮೇಲೆ ಎಣ್ಣೆ, ಕೆರೆಯ ಪಾಚಿಯ ಹಾಗೆ ಕಟ್ಟಿತ್ತು.

"ಅರ್ಧ ಮುದ್ದೆ ಸಾಕು ಬೀಗ್ರೆ," ಅಂದ ಸಣ್ಣಯ್ಯ.

ತಮ್ಮಯ್ಯನ ಮುಖ ಇಳಿಯಿತು. "ಯಾಕ್ ಬೀಗ್ರೆ, ನಮ್ಮನೆ ಇಡಿಸ್ನಿಲ್ವಾ?"

ಗುಂಡಯ್ಯ ಸಣ್ಣಯ್ಯನ ತೊಡೆ ಚಿವುಟಿದ. "ನಾಚ್ಕತಾವ್ನೆ ಯಜಮಾನ್ರೆ! ನಮ್ ಸಣ್ಣಯ್ಯ ಕೂತ್ರೆ ಮೂರ್ ಮುದ್ದೆ, ಅರ್ಧ ಕುರಿ ಕಾಣ್ದಂಗಾಯ್ತದೆ!"

ಮೂರು ಮುದ್ದೆ ಬಂದವು. ಕುರಿಯ ಮೂಳೆ, ಕರುಳಿನ ಬೋಟಿ, ಈಲಿ ಎಲ್ಲವೂ ಬಂದವು. ಒಂದೊಂದು ತುತ್ತಿಗೂ ಸಣ್ಣಯ್ಯನಿಗೆ ಅಪ್ಪನ ಮುಖ ಕಾಣುತ್ತಿತ್ತು. ಮಗಳ ಮುಖ ನೆನೆದು ನುಂಗಿದ. ನೀರಿನ ಲೋಟಕ್ಕೆ ಬಗ್ಗಿದಾಗ ಮಾತ್ರೆಯ ಪಟ್ಟಿ ಜಾರಿ ಎಲೆಯ ಪಕ್ಕ ಬಿತ್ತು.

"ಅದೇನದು?" ತಮ್ಮಯ್ಯ ಬಗ್ಗುವಷ್ಟರಲ್ಲಿ ಗುಂಡಯ್ಯ ಹದ್ದಿನ ಹಾಗೆ ಎರಗಿ ಮುಷ್ಟಿಯಲ್ಲಿ ಮುಚ್ಚಿಕೊಂಡ.

"ನಂದು, ನಂದು! ಗ್ಯಾಸ್ಟ್ರಿಕ್ಕು."

"ಅಂಗಾರೆ ನುಂಗ್ಬುಡಣ್ಣ, ಮರ್ತೋದದು," ಅಂತ ತಮ್ಮಯ್ಯ ನೀರು ಹಿಡಿದು ನಿಂತೇಬಿಟ್ಟ.

ಕಲ್ಲು ಅರಗಿಸಿಕೊಳ್ಳುವ ಗುಂಡಯ್ಯ ವಿಧಿಯಿಲ್ಲದೆ ಒಂದು ಮಾತ್ರೆ ನುಂಗಿದ. ತನ್ನ ಆಯಸ್ಸು ಇನ್ನೊಬ್ಬನ ಗಂಟಲಲ್ಲಿ ಇಳಿಯುವುದನ್ನು ಸಣ್ಣಯ್ಯ ನೋಡುತ್ತಾ ಕೂತ.

ಎಲೆ ಅಡಿಕೆ ಆದ ಮೇಲೆ ತಮ್ಮಯ್ಯ ಸಣ್ಣಯ್ಯನನ್ನು ಜಗಲಿಗೆ ಕರೆದ.

"ಬೇಜಾರ್ ಮಾಡ್ಕಬ್ಯಾಡಿ. ಈ ಸಂಬಂಧ ಆಗಾಕಿಲ್ಲ."

"ಯಾಕೆ? ಉಂಡ್ನಲ್ಲ!"

"ಉಂಡಿದ್ ನೋಡೇ ಯೋಳ್ತಿರಾದು. ನನ್ ಹಾರ್ಟ್‌ಗೆ ಎಲ್ಡು ಸ್ಟೆಂಟ್ ಆಕವ್ರೆ, ನಮ್ಮಣ್ಣನ್ಗೆ ಒಂದು. ಈ ಬಾಡು ನಿಮ್ಗೋಸ್ಕರ ಮಾಡ್ಸಿದ್ದು. ದಿನಾ ನಮ್ಮನೇಲಿ ಉಪ್ಪಿಲ್ಲ, ಎಣ್ಣೆ ಇಲ್ಲ. ಈ ಪಾಟಿ ಉಣ್ಣೋ ಮನೇಲ್ ಬೆಳ್ದ ಹೆಣ್ಮಗ ಇಲ್ಲೆಂಗ್ ಬಾಳ್ತದೆ? ನಿಮ್ಮನೇಲೂ ಹಾರ್ಟಿನ್ ಮಾತ್ರೆ ನುಂಗೋರು ಒಬ್ರಿದ್ದಿದ್ರೆ ನಮ್ ಕಷ್ಟ ತಿಳೀತಿತ್ತು."

ಸಣ್ಣಯ್ಯ ಬಾಯಿ ತೆರೆದ. ನಿಜ ಹೇಳಿದರೆ ಉಂಡ ಮನೆಯಲ್ಲೇ ಸುಳ್ಳು ಹೇಳಿದವನು. ಹೇಳದಿದ್ದರೆ ಹೊಟ್ಟೆಬಾಕ. ಎದೆಯ ಎಡಗಡೆ ಏನೋ ಹಿಂಡಿದ ಹಾಗಾಯಿತು. ಭಯವೋ, ಬೋಟಿಯೋ, ಗೊತ್ತಾಗಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಬಿಂದುಶ್ರೀ.

"ಅಪ್ಪಾ, ಉಂಡ್ಯಾ? ಎಲ್ಲಾ ಗಟ್ಟಿ ಆಯ್ತಾ?"

ಎದುರಿಗೆ ತಮ್ಮಯ್ಯ, ಕಿವಿಯಲ್ಲಿ ಮಗಳು. ಆ ಜಗಲಿಯ ಮೇಲೆ ನೀವು ನಿಂತಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?