ಓಲಾಫನ ಬುತ್ತಿ

ಧಾರವಾಡದಿಂದ ಭಾಷಣಕ್ಕೆ ಬರಬೇಕಿದ್ದ ಪ್ರೊಫೆಸರರ ಗಂಟಲು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕಟ್ಟಿತು. ಗಂಟಲು ಅವರದು. ಬೆವರಿದವನು ಶಿರಸಿಯಲ್ಲಿದ್ದ ಚಿರಂತನ.

ಚಿರಂತನ ಕಾಲೇಜಿನ ಗ್ರಂಥಪಾಲಕ. ‘ಊರೆಲ್ಲ ಓದು’ ಅವನೇ ಮೈಮೇಲೆ ಎಳೆದುಕೊಂಡ ಕೆಲಸ. ವರ್ಷಕ್ಕೊಂದು ಪರದೇಶದ ಪುಸ್ತಕವನ್ನು ಕಾಲೇಜೂ ಊರೂ ಕೂಡಿ ಓದುವುದು, ಕೊನೆಗೆ ಒಂದು ಮಧ್ಯಾಹ್ನ ಕೂತು ಅದರ ಬಗ್ಗೆ ಮಾತಾಡುವುದು. ಹೋದ ವರ್ಷ ಮಾತಾಡಲು ಬಂದವರು ಮೂವರು. ಅವರಲ್ಲೊಬ್ಬರು ಫ್ಯಾನಿನ ಕೆಳಗೆ ಕೂರಲು ಬಂದವರು.

ಈ ವರ್ಷದ್ದು ಐಸ್‌ಲ್ಯಾಂಡಿನ ಕಾದಂಬರಿ. ಓಲಾಫನೆಂಬ ಬೆಸ್ತ ಹೆಂಡತಿ ಹೆಲ್ಗಾಳನ್ನು ಬಿಟ್ಟು ದೂರದ ಸಮುದ್ರಕ್ಕೆ ಹೋಗುತ್ತಾನೆ. ನಲವತ್ತು ಪ್ರತಿ ಹಂಚಿದ್ದರು. ಕೊನೆಯ ಪುಟ ಮುಟ್ಟಿದವರು ಸಿದ್ದಾಪುರದ ದೇವಕ್ಕ ಒಬ್ಬರೇ. ಚಿರಂತನ ತೊಂಬತ್ತನೆಯ ಪುಟದಲ್ಲಿದ್ದಾಗ ಪರೀಕ್ಷೆಗಳು ಬಂದವು. ಪುಸ್ತಕ ಅಲ್ಲಿಗೇ ನಿಂತಿತು.

ಆದರೆ ಈ ಸಲ ಕಾರ್ಯಕ್ರಮ ಕೆಡುವಂತಿರಲಿಲ್ಲ. ಅದೇ ಸಂಸ್ಥೆಯ ಯಲ್ಲಾಪುರದ ಕಾಲೇಜಿಗೆ ವರ್ಗ ಕೇಳಿ ಅವನು ಬರೆದ ಅರ್ಜಿ ಪ್ರಿನ್ಸಿಪಾಲ್ ಅಂದಾನಪ್ಪನವರ ಡ್ರಾಯರಿನಲ್ಲಿತ್ತು. ‘ಕಾರ್ಯಕ್ರಮ ಛಲೋ ಆಗ್ಲಿ, ಅವತ್ತೇ ಸಹಿ ಹಾಕ್ತೀನಿ’ ಎಂದಿದ್ದರು ಅವರು. ಯಲ್ಲಾಪುರದ ಹೈಸ್ಕೂಲಿನಲ್ಲಿ ಅವನ ಹೆಂಡತಿ ಸಮೃದ್ಧಿ ಟೀಚರು. ಮದುವೆಯಾಗಿ ಎರಡು ವರ್ಷ; ಸಂಸಾರ ಮಾತ್ರ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನ ಮೊದಲ ಬಸ್ಸಿನವರೆಗೆ. ಅರ್ಜಿಯ ವಿಷಯ ಅವಳಿಗೆ ಹೇಳಿರಲಿಲ್ಲ. ಕಾಗದವನ್ನೇ ಕೈಗಿಡಬೇಕೆಂದು ಅವನ ಆಸೆ.

ಅವನು ದೇವಕ್ಕನಿಗೆ ಫೋನು ಹಚ್ಚಿದ.

‘ಬಪ್ಪಲೆ ಅಡ್ಡಿಲ್ಲೆ ತಮಾ,’ ಎಂದರು ದೇವಕ್ಕ, ತಮ್ಮ ಹವ್ಯಕ ಮಾತಿನಲ್ಲಿ. ‘ಆದ್ರೆ ಒಬ್ಬಳೇ ನಿಂತು ಭಾಷಣ ಮಾಡೂದು ಯಂಗೆ ಬತ್ತಿಲ್ಲೆ. ಆನು ಹೆಲ್ಗಾ ಆಗ್ತೆ. ಎದುರಿಗೆ ಓಲಾಫ ಆಗಿ ಕೂಪವ್ವು ಒಬ್ರು ಬೇಕು.’

ಆಗಷ್ಟೇ ಅವನಿಗೆ ನೆನಪಾಯಿತು. ದೇವಕ್ಕ ನಲವತ್ತು ವರ್ಷಗಳಿಂದ ತಾಳಮದ್ದಳೆಯವರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಿಗೆ ಮಾತು ಕೊಡುವುದು ಅವರ ಕಸುಬು. ಕಥೆಯೆಂದರೆ ವಾದ ಎಂದೇ ಅವರ ಲೆಕ್ಕ.

‘ಯಾರೂ ಸಿಕ್ಕದಿದ್ರೆ ಆನೇ ಕೂರ್ತೆ,’ ಎಂದುಬಿಟ್ಟ ಚಿರಂತನ. ಯಾರೂ ಸಿಗಲಿಲ್ಲ.

ಹತ್ತು ಗಂಟೆಯೊಳಗೆ ಕಾಲೇಜಿನ ಅಟೆಂಡರ್ ಕೆರಿಯಪ್ಪ, ಅವನು ಮದ್ದಳೆ ನುಡಿಸುವವನೂ ಹೌದು, ಮೂರು ತಾಲೂಕಿನ ವಾಟ್ಸಾಪ್ ಗುಂಪುಗಳಿಗೆ ಸುದ್ದಿ ಹರಡಿದ್ದ. ಮಧ್ಯಾಹ್ನ ಎರಡಕ್ಕೆ ಸಭಾಂಗಣ ಹಲಸಿನ ಹಣ್ಣಿನ ಒಳಗಿನ ಹಾಗೆ ಕಿಕ್ಕಿರಿದಿತ್ತು. ಉಮ್ಮಚಗಿಯಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು.

‘ಏನ್ರೀ ಇದು, ಮಂದಿ ಕಿಟಕ್ಯಾಗ ಕುಂತಾರ!’ ಪ್ರಿನ್ಸಿಪಾಲರ ಮುಖ ಅರಳಿತ್ತು. ‘ಪುಸ್ತಕದಾಗ ಆ ಓಲಾಫ ಸಮುದ್ರಕ್ಕ ಹೋಗ್ತಾನೋ ಇಲ್ಲೋ?’

‘ಹೋಗ್ತಾನೆ ಸರ್. ನಲವತ್ತನೇ ಪುಟದಲ್ಲೇ.’

‘ಹಂಗಾರ ನೀವೂ ಹೋಗ್ಬೇಕ್ರಿ. ವಿಶ್ವವಿದ್ಯಾಲಯದವ್ರು ಬಂದು ಮುಂದಿನ ಸಾಲಿನಾಗ ಕುಂತಾರ. ನೀವು ಮನ್ಯಾಗೇ ಉಳದ್ರ ಪುಸ್ತಕ ಓದೇ ಇಲ್ಲ ಅಂತಾರ. ಆಮ್ಯಾಲ ನಿಮ್ಮ ಅರ್ಜಿನೂ ಡ್ರಾಯರಿನಾಗೇ ಉಳೀತದ.’

ಕೆರಿಯಪ್ಪ ಮದ್ದಳೆಯ ಶ್ರುತಿ ಸರಿಮಾಡುತ್ತ ಧೈರ್ಯ ತುಂಬಿದ. ‘ಹೆದರಬೇಡಿ ಸರ್. ಹೋದ ವರ್ಷ ದೇವಕ್ಕ ಯುದ್ಧಕ್ಕೆ ಹೊರಟ ಮಗನ ಎದುರು ತಾಯಿ ಆಗಿ ಕೂತಿದ್ರು. ಮಗ ಸೋತು ಮನೇಲೇ ಉಳಿದ. ಯುದ್ಧವೇ ಆಗ್ಲಿಲ್ಲ. ಜನ ಎಂಟು ಗಂಟೆಗೇ ಊಟಕ್ಕೆ ಎದ್ರು.’

ಅಷ್ಟರಲ್ಲಿ ಸಮೃದ್ಧಿ ಬಂದಳು. ‘ಹೇ, ಒಂದು ಮಾತು ಇತ್ತು. ಐದು ಗಂಟೆ ಒಳಗೆ ಆನು ಒಬ್ರಿಗೆ ಉತ್ತರ ಹೇಳವು.’

‘ಆಮೇಲೆ, ಆಮೇಲೆ,’ ಎಂದು ಅವನು ವೇದಿಕೆ ಹತ್ತಿದ. ಅವಳು ಮೂರನೆಯ ಸಾಲಿನಲ್ಲಿ ಕೂತಳು.

ದೇವಕ್ಕನ ಜೊತೆ ಬಂದಿದ್ದ ಹಾಡುಗಾರ ಭಾಗವತರು ಹಿಮದ ಮೇಲೊಂದು ಪದ ಕಟ್ಟಿ ಹಾಡಿದರು. ಮದ್ದಳೆ ನಿಂತಿತು. ದೇವಕ್ಕ ಸೆರಗು ಸರಿಪಡಿಸಿಕೊಂಡು ಹೆಲ್ಗಾ ಆದರು.

‘ಸ್ವಾಮಿ, ಮೀನು ಹಿಡಿಯಲು ಹೊರಟಿರಿ. ಆ ಮೀನಿಗೂ ಮನೆಯಲ್ಲಿ ಕಾಯುವವರು ಇಲ್ಲವೇ?’

ಮೀನು ಮುಟ್ಟದ ಅರ್ಧ ಸಭೆ ಚಪ್ಪಾಳೆ ತಟ್ಟಿತು.

‘ಹೆಲ್ಗಾ, ಮೀನಿಲ್ಲದಿದ್ದರೆ ನಾವು ತಿನ್ನುವುದೇನು?’

‘ಅಂಗಳದಲ್ಲಿ ನಾಲ್ಕು ಬಳ್ಳಿ ಬಸಳೆ ಹಬ್ಬಿಸೋಣ.’

‘ಏಳು ತಿಂಗಳು ಹಿಮ ಬೀಳುವ ದೇಶವಿದು!’

‘ಚಪ್ಪರ ಹಾಕಲು ಗಂಡಸು ಮನೆಯಲ್ಲಿದ್ದರೆ ಹಿಮ ಏನು ಮಾಡೀತು?’

ಸಭೆ ಹೋ ಎಂದಿತು. ಐಸ್‌ಲ್ಯಾಂಡಿನಲ್ಲಿ ಬಸಳೆ ಚಿಗುರಿತು. ಮುಕ್ಕಾಲು ಗಂಟೆಯಲ್ಲಿ ಚಿರಂತನನ ದೋಣಿ ಮುರಿಯಿತು, ಬಲೆ ಹರಿಯಿತು. ಇನ್ನು ‘ಉಳಿಯುತ್ತೇನೆ’ ಎನ್ನುವುದೊಂದು ಬಾಕಿ. ಬಾಯಿ ತೆರೆದೂ ಇದ್ದ. ಆಗ ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಗಾಳಿಯಲ್ಲೇ, ಒಂದು ಡ್ರಾಯರನ್ನು ಮೆಲ್ಲಗೆ ಮುಚ್ಚಿ ತೋರಿಸಿದರು.

ಚಿರಂತನನ ಕಣ್ಣು ಮೂರನೆಯ ಸಾಲಿಗೆ ಹೋಯಿತು. ಎರಡು ವರ್ಷದ ಸೋಮವಾರಗಳೆಲ್ಲ ನಾಲಿಗೆಗೆ ಬಂದವು.

‘ಹೆಲ್ಗಾ, ಒಂದೇ ಸೂರಿನ ಕೆಳಗಿದ್ದೂ ಮುಖ ನೋಡದೆ ಊಟ ಮುಗಿಸುವವರಿದ್ದಾರೆ. ನಾನು ದೂರವಿದ್ದೇ ನಿನ್ನ ಬಾಗಿಲಿನ ಚಿಲಕದ ಸದ್ದು ಕಲಿತೆ. ಹೊರಟವರಿಗೆ ಒಂದು ಕರೆ ಬಂದಿರುತ್ತದೆ. ಅಡ್ಡ ನಿಂತರೆ ಅವರು ಉಳಿದಾರು. ಆದರೆ ಕಿಟಕಿಯಲ್ಲೇ ನಿಂತಿರುತ್ತಾರೆ. ಪ್ರೀತಿ ಇದ್ದವರು ತಡೆಯುವುದಿಲ್ಲ. ಬುತ್ತಿ ಕಟ್ಟಿಕೊಡುತ್ತಾರೆ.’

ದೇವಕ್ಕ ಅವನನ್ನು ಒಂದು ಕ್ಷಣ ನೋಡಿದರು, ಏನೋ ಹೇಳಲು ಹೊರಟವರು ತಡೆದುಕೊಂಡರು.

‘ಹಾಗಾದರೆ... ಹೋಗಿ ಬನ್ನಿ.’

ಮಂಗಳದ ಪದ ಚಪ್ಪಾಳೆಯಲ್ಲಿ ಮುಳುಗಿತು. ಉಮ್ಮಚಗಿಯ ಟೆಂಪೋದವರು ಶಿಳ್ಳೆ ಹಾಕಿದರು. ವಿಶ್ವವಿದ್ಯಾಲಯದವರು ಕನ್ನಡಕ ತೆಗೆದು ಒರೆಸಿಕೊಂಡರು. ಅಂದಾನಪ್ಪನವರು ಅಲ್ಲೇ, ಜೇಬಿನಿಂದ ಅರ್ಜಿ ತೆಗೆದು ಕೆರಿಯಪ್ಪನ ಮದ್ದಳೆಯ ಮೇಲೆ ಇಟ್ಟು, ಸಹಿ ಹಾಕಿ ಚಿರಂತನನ ಕೈಗಿತ್ತರು. ‘ಸೋಮವಾರದಿಂದನ ಯಲ್ಲಾಪುರ. ಹೋಗ್ರಿ ಓಲಾಫ.’

ಚಿರಂತನ ಜನರ ನಡುವೆ ನುಸುಳಿ ಓಡಿದ. ಸಮೃದ್ಧಿ ಗ್ರಂಥಾಲಯದ ಮೆಟ್ಟಿಲ ಮೇಲಿದ್ದಳು. ಫೋನು ಚೀಲಕ್ಕೆ ಹಾಕುತ್ತಿದ್ದಳು. ಕಣ್ಣು ಒದ್ದೆ, ಮುಖದ ತುಂಬ ನಗು.

‘ಎಷ್ಟು ಚೊಲೋ ಮಾತಾಡಿದೆ ಮಾರಾಯ! ನಿಂಗೆ ಬೇಜಾರಾಗ್ತು ಹೇಳಿ ಎಂಟು ದಿನದಿಂದ ಸುಮ್ಮನಿದ್ದಿದ್ದೆ. ಮೈಸೂರಲ್ಲಿ ಎರಡು ವರ್ಷದ ಟ್ರೇನಿಂಗು. ಇಡೀ ಜಿಲ್ಲೆಗೆ ಆನೊಬ್ಬಳೇ. ಆಗ್ತಿಲ್ಲೆ ಹೇಳಿಬಿಡೂದು ಹೇಳಿ ಬಂದಿದ್ದೆ.’

‘ಹೇಳಿದ್ಯಾ?’

‘ನಿನ್ನ ಮಾತು ಕೇಳಿದ ಮೇಲೆ ಹೆಂಗೆ ಹೇಳೂದು? ಬತ್ತೆ ಹೇಳಿಬಿಟ್ಟೆ, ಈಗಷ್ಟೇ. ಸೋಮವಾರ ಹೊರಡವು.’ ಅವಳು ಅವನ ತೋಳು ಹಿಡಿದಳು. ‘ಬುತ್ತಿ ಕಟ್ಟಿಕೊಡ್ತ್ಯ ಅಲ್ದಾ?’

ಚಿರಂತನನ ಕೈ ಕಾಗದದ ಸಮೇತ ಬೆನ್ನ ಹಿಂದೆ ಹೋಯಿತು. ‘ಹೂಂ,’ ಎಂದ.

ದೇವಕ್ಕ ಚಪ್ಪಲಿ ಹುಡುಕುತ್ತ ಅಲ್ಲಿಗೆ ಬಂದರು. ಬೆನ್ನ ಹಿಂದಿನ ಕಾಗದವನ್ನೂ ಎದುರಿನ ಹುಡುಗಿಯ ನಗುವನ್ನೂ ನೋಡಿದರು.

‘ತಮಾ, ಪುಸ್ತಕ ಕಡೇವರೆಗೆ ಓದಿದ್ದಿಲ್ಲೆ ಅಲ್ದಾ ನೀನು?’

‘ಇಲ್ಲೆ ದೇವಕ್ಕ. ತೊಂಬತ್ತನೇ ಪುಟಕ್ಕೆ ನಿಂತ್ಹೋತು.’

‘ಅದೇ ಅಂದ್ಕಂಡೆ.’ ಅವರು ಚಪ್ಪಲಿ ಮೆಟ್ಟಿಕೊಂಡರು. ‘ಓಲಾಫ ವಾಪಸ್ ಬಪ್ಪಷ್ಟರಲ್ಲಿ ಮನೆಗೆ ಬೀಗ ಇರ್ತು. ಹೆಲ್ಗಾ ಬೇರೆ ಹಡಗು ಹತ್ತಿ ಹೋಗಿರ್ತು. ಅದಕ್ಕೇ ಅಷ್ಟು ಹಟ ಮಾಡಿ ತಡೆದಿದ್ದು ನಿನ್ನ.’